ಅರ್ಧ ಮೇಸ್ತ್ರಿಯ ಚಕ್ರ

ನನ್ನ ಗಂಡನನ್ನು ಹಾಸ್ಟೆಲಿನ ಹುಡುಗಿಯರು ಅರ್ಧ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಇವರೂ ಆ ಹುಡುಗಿಯರ ಜೊತೆ ಸೇರಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಇವರದು ನಲ್ಲಿ ರಿಪೇರಿ ಕೆಲಸ. ಹುಡುಗಿಯರ ಹಾಸ್ಟೆಲು, ನಾಲ್ಕು ಮಹಡಿ, ಮಹಡಿಗೊಂದು ಸಾಲು ಬಚ್ಚಲು. ಒಂದು ಕಡೆ ಸೋರುವುದು ನಿಂತರೆ ಇನ್ನೊಂದು ಕಡೆ ಶುರುವಾಗುತ್ತಿತ್ತು. ಇವರು ಒಂದು ನಲ್ಲಿ ಬಿಚ್ಚುವರು. ಅಷ್ಟರಲ್ಲಿ ಪಕ್ಕದ ಗೋಡೆಯೊಳಗೆ ಏನೋ ಸದ್ದಾಗುವುದು. ಅದೇನು ನೋಡೋಣ ಎಂದು ಎದ್ದು ಹೋಗುವರು. ಹೋಗುವ ದಾರಿಯಲ್ಲಿ ಯಾರೋ ಬಲ್ಬು ಉರಿಯುತ್ತಿಲ್ಲ ಎನ್ನುವರು. ಸಂಜೆಗೆ ನೋಡಿದರೆ ನಾಲ್ಕು ಕಡೆ ಬಿಚ್ಚಿದ್ದು, ಒಂದು ಕಡೆಯೂ ಮುಚ್ಚಿದ್ದಿಲ್ಲ. ಮೈ ಮುರಿಯುವ ಹಾಗೆ ದುಡಿದು ಬರುತ್ತಿದ್ದರು. ದುಡಿದದ್ದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮನೆಯಲ್ಲೂ ಅದೇ ಕಥೆ. ಅಡುಗೆಮನೆ ಗೂಡಿನ ಬಾಗಿಲಿಗೆ ಮೇಲಿನ ಕೀಲು ಹಾಕಿ, ಕೆಳಗಿನದಕ್ಕೆ ಮೊಳೆ ತರುತ್ತೇನೆ ಎಂದು ಹೋದವರು ವರ್ಷಗಟ್ಟಲೆ ತರಲಿಲ್ಲ. ಬಾಗಿಲು ಕುಂಟುತ್ತಾ ನಿಂತೇ ಇತ್ತು. ಇವರ ಟೀ ಲೋಟ ಹುಡುಕುವುದೇ ನನಗೊಂದು ಕೆಲಸ. ಒಮ್ಮೆ ಚಪ್ಪಲಿ ಇಡುವ ಕಡೆ ಸಿಕ್ಕಿತು, ಒಮ್ಮೆ ಕಿಟಕಿಯ ಹೊರಗೆ. ನಮಗೆ ಮಕ್ಕಳಿಲ್ಲ. ಇದ್ದಿದ್ದರೆ ಶಾಲೆಯಲ್ಲೇ ಮರೆತು ಬರ್ತಿದ್ದೆ ಕಣೇ ಎಂದು ಅವರೇ ಹೇಳಿ ನಗುತ್ತಿದ್ದರು.

ನಾನು ಬಟ್ಟೆ ಹೊಲಿಯುವ ಅಂಗಡಿಗೆ ಕಾಜಾ ಹಾಕಿಕೊಡುತ್ತೇನೆ. ಅಂಗಿಯ ಗುಂಡಿ ತೂರುವ ತೂತಿನ ಸುತ್ತ ದಾರ ಹೊಲಿಯುವ ಕೆಲಸ. ಅರ್ಧ ಹೊಲಿದು ಬಿಟ್ಟರೆ ಬಟ್ಟೆ ಎಳೆ ಬಿಟ್ಟು ಹಾಳಾಗುತ್ತದೆ. ಅಂಥ ಕೆಲಸದವಳಿಗೆ ಇಂಥ ಗಂಡ. ಸೋಮಾರಿ ಎಂದು ಲೋಕ ಅನ್ನುತ್ತಿತ್ತು. ನಾನೂ ಅಂದಿದ್ದೇನೆ. ಅದಕ್ಕೆ ಈಗ ಕೂತು ಅಳುವುದಿಲ್ಲ. ಇವರು ಬಿಚ್ಚಿಟ್ಟು ಮರೆತ ನಲ್ಲಿಯ ಕೆಳಗೆ ನೆಲ ಒರೆಸಿದವಳು ನಾನು.

ಆದರೆ ಆ ಮಾತು ಇವರಿಗೆ ತಾಗುತ್ತಿತ್ತು. ಕಳ್ಳ ಅಂದಿದ್ದರೂ ನಗುತ್ತಿದ್ದರೇನೋ. ಸೋಮಾರಿ ಅಂದ ದಿನ ಊಟ ಅರ್ಧಕ್ಕೆ ಬಿಡುತ್ತಿದ್ದರು. ಬೇಕೆಂದು ಅರ್ಧಕ್ಕೆ ಬಿಡುತ್ತಿದ್ದದ್ದು ಅದೊಂದೇ.

ಒಂದು ದಿನ ನಾಲ್ಕನೇ ಮಹಡಿಯಲ್ಲಿ ನಲ್ಲಿಯ ವಾಷರ್ ಬದಲಿಸಲು ಇವರು ನೀರಿನ ದೊಡ್ಡ ವಾಲ್ವು ಮುಚ್ಚಿದ್ದರು. ನಲ್ಲಿ ಬಿಚ್ಚಿಟ್ಟರು. ಕೆಳಗೆ ಚರಂಡಿ ಕಟ್ಟಿಕೊಂಡಿದೆ ಎಂದು ಯಾರೋ ಕೂಗಿದರು. ಇಳಿದು ಹೋದರು. ಅದನ್ನು ಸರಿಮಾಡಿ ಕೈ ತೊಳೆಯಲು ನೋಡಿದರೆ ನೀರಿಲ್ಲ. ವಾಲ್ವು ತೆರೆದರು. ಮೇಲೆ ಬಾಯಿ ತೆರೆದ ಪೈಪು ಇದೆ ಎನ್ನುವುದೇ ನೆನಪಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಮನೆಗೆ ಬಂದರು. ಅಲ್ಲಿ ನೀರು ಮಹಡಿಯಿಂದ ಮಹಡಿಗೆ ಇಳಿಯಿತು. ಹುಡುಗಿಯರ ಹಾಸಿಗೆ, ಪುಸ್ತಕ ಎಲ್ಲ ನೆನೆಯಿತು. ಕರೆಂಟಿನ ಬೋರ್ಡು ಢಬ್ ಎಂದಿತು. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ.

ಹೀಗಾದದ್ದು ಅದೇ ಮೊದಲಲ್ಲ. ಮಾಲೀಕರು ಬೇರೆ ಆಳು ನೋಡಿ ಎಂದುಬಿಟ್ಟರು. ತಡೆದವರು ವಾರ್ಡನ್ ಅಮ್ಮ. ಹಾಸ್ಟೆಲು ನೋಡಿಕೊಳ್ಳುವ ಹೆಂಗಸು. ಗಡಸು ಬಾಯಿ, ಆದರೆ ನೋಡುವ ಕಣ್ಣಿತ್ತು. ಇವರನ್ನು ಕೂರಿಸಿ, ನಮ್ಮ ಯಜಮಾನರಿಗೂ ಹೀಗೇ ಇತ್ತು, ದೊಡ್ಡವರಾದ ಮೇಲೇ ಗೊತ್ತಾಗಿದ್ದು ಎಂದರಂತೆ. ನಾಲ್ಕು ಅಕ್ಷರ ಹೇಳಿದರಂತೆ. ಎ, ಡಿ, ಎಚ್, ಡಿ. ಮನಸ್ಸು ಒಂದು ಕಡೆ ನಿಲ್ಲದ ಕಾಯಿಲೆ. ಹುಟ್ಟಿನಿಂದ ಬರುತ್ತದೆ, ಮಕ್ಕಳಲ್ಲೇ ಪತ್ತೆ ಹಿಡಿಯುತ್ತಾರೆ, ಆಗ ತಪ್ಪಿಸಿಕೊಂಡವರನ್ನು ಆಮೇಲೆ ಯಾರೂ ನೋಡುವುದಿಲ್ಲ. ಡಾಕ್ಟರು ಹೌದು ಎಂದರೆ ಮಾಲೀಕರಿಗೆ ನಾನು ಹೇಳಿ ನಿಮ್ಮ ಕೈಲಿ ಬೇರೆ ಥರ ಕೆಲಸ ಮಾಡಿಸುತ್ತೇನೆ, ಇಲ್ಲ ಎಂದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರಂತೆ. ಹೊಸ ಕಾಲೇಜು ವರ್ಷದ ಹುಡುಗಿಯರು ಬಂದು ಸೇರುವವರೆಗೆ ಸಮಯ ಕೊಟ್ಟರು.

ಮನೆಗೆ ಬಂದು ಕೆಲಸ ಹೋಗಬಹುದು ಎಂಬುದನ್ನು ಒಂದು ಸಲ ಹೇಳಿದರು. ಕಾಯಿಲೆ ಇರಬಹುದು ಎಂಬುದನ್ನು ಹತ್ತು ಸಲ ಹೇಳಿದರು. ಲಾಟರಿ ಹೊಡೆದವರ ಮುಖ. ಕಾಯಿಲೆ ಎಂದರೆ ಹಿಗ್ಗುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮೊದಲು ವಾರ್ಡನ್ ಅಮ್ಮ ಹೇಳಿದ ಪ್ರೈವೇಟ್ ಕ್ಲಿನಿಕ್ಕಿಗೆ ಹೋದೆವು. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ, ಮೂಲೆಯಲ್ಲಿ ಮೀನು ಬಿಟ್ಟ ಗಾಜಿನ ತೊಟ್ಟಿ. ಜನ ಪಿಸುಗುಟ್ಟಿಕೊಂಡು ಕೂತಿದ್ದರು. ತೊಟ್ಟಿಗೆ ಗಾಳಿ ಊದುವ ಮೋಟಾರು ಗುರ್ ಗುರ್ ಎನ್ನುತ್ತಿತ್ತು. ಅದು ಕಿವಿಗೆ ಬಿದ್ದ ಕೂಡಲೇ ನಾನು ಇವರ ಅಂಗಿಯ ತುದಿ ಹಿಡಿದುಕೊಂಡೆ. ಎಷ್ಟು ಹೊತ್ತು ಹಿಡಿಯುವುದು? ಫೀಸು ಕಟ್ಟಿ ಬರುವುದರೊಳಗೆ ಮೇಜಿನ ಕೆಳಗೆ ತೂರಿ, ಮೋಟಾರು ಬಿಚ್ಚಿ, ಅದರ ರಬ್ಬರನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು. ಕೌಂಟರಿನ ಹುಡುಗಿ ಇವರ ಹೆಸರು ಕೂಗಿದಳು. ಇವರ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ನಾನು ಆ ಕಾಲು ತೋರಿಸಿದೆ.

ಡಾಕ್ಟರು ಹೊರಗೆ ಬಂದು ನೋಡಿದರು. ಇಷ್ಟು ನೋಡಿದರೆ ಸಾಲದೇ ಎಂದುಕೊಂಡೆ. ಸಾಲದಂತೆ. ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. ಒಂದು ದಿನದಲ್ಲಿ ಹೇಳುವ ಕಾಯಿಲೆ ಅಲ್ಲ, ಹಲವು ಸಲ ಬರಬೇಕು. ಚಿಕ್ಕಂದಿನಿಂದ ಹೀಗಿದ್ದರೆ ಮಾತ್ರ ಇದು ಆ ಕಾಯಿಲೆ. ಚಿಕ್ಕಂದಿನಲ್ಲಿ ನೋಡಿದವರು ಬಂದು ಹೇಳಬೇಕು. ಮುಂದಿನ ಸಲದ ಫೀಸು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ಅವರೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲೂ ಇದೇ ಪರೀಕ್ಷೆ, ಕಾಯಬೇಕು ಅಷ್ಟೆ ಎಂದರು.

ಹೊರಗೆ ಬಂದರೆ ಮೋಟಾರು ಇನ್ನೂ ಬಿಚ್ಚಿಯೇ ಇತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮುಗಿಸಿ ಏಳಿ ಎಂದು ನಾನು ಪಕ್ಕದಲ್ಲಿ ನಿಂತೆ. ಮುಗಿಸಿದರು. ನಾನು ನಿಂತಿದ್ದರೆ ಮುಗಿಸುತ್ತಿದ್ದರು. ಜೀವಮಾನವಿಡೀ ನಿಂತಿರಲು ಯಾರಿಂದ ಆಗುತ್ತದೆ?

ಕಾಯಬೇಕು ಅಷ್ಟೆ ಎಂದರಲ್ಲ, ಆ ಅಷ್ಟೆಯಲ್ಲಿ ಎಷ್ಟು ಬೆಳಗು ಹೋದವು ಎಂದು ನಾನು ಎಣಿಸಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ವಿಭಾಗ ಹಿಂದಿನ ಕಟ್ಟಡದಲ್ಲಿ. ಉದ್ದ ಕಾರಿಡಾರು, ಎರಡೂ ಕಡೆ ಕಬ್ಬಿಣದ ಬೆಂಚು, ಬೆಂಚಿನ ಮೇಲೆ ಜನ, ಜನರ ಕಾಲ ಬಳಿ ಜನ. ಚೀಟಿ ಮಾಡಿಸಲು ಒಂದು ಸಾಲು, ಮಾಡಿಸಿದ ಚೀಟಿ ತೋರಿಸಲು ಇನ್ನೊಂದು ಸಾಲು. ಮೊದಲ ಸಲ ಸಿಕ್ಕ ಡಾಕ್ಟರು, ಇದು ಮಕ್ಕಳ ಕಾಯಿಲೆ, ನಿಮಗೆ ಐವತ್ತು ದಾಟಿದೆ ಎಂದು ನಕ್ಕು ನಿದ್ದೆ ಮಾತ್ರೆ ಬರೆದರು. ಮುಂದಿನ ಸಲ ಹೋದರೆ ಅವರು ರಜೆ. ಅದರ ಮುಂದಿನ ಸಲ ಇವರು ಚೀಟಿಯನ್ನೇ ಬಸ್ಸಿನಲ್ಲಿ ಬಿಟ್ಟರು. ಕೌಂಟರಿನವರಿಗೆ ಅದು ಜೋಕು. ಮತ್ತೆ ಮೊದಲಿನಿಂದ ಸಾಲು. ಮನಸ್ಸು ನಿಲ್ಲದವರು ಔಷಧಿ ಬೇಕೆಂದರೆ ಇಷ್ಟು ಸಾಲುಗಳಲ್ಲಿ ಮನಸ್ಸು ನಿಲ್ಲಿಸಿ ನಿಲ್ಲಬೇಕು. ಆ ಏರ್ಪಾಟು ಯಾರು ಮಾಡಿದರೋ. ಇವರು ಎದ್ದು ಹೋಗಿ ಯಾರದೋ ಗಾಲಿಕುರ್ಚಿಯ ಚಕ್ರ ಸರಿಮಾಡುತ್ತಿದ್ದರು. ಸಾಲಿನಲ್ಲಿ ನಿಂತದ್ದು ನಾನು.

ಕೊನೆಗೆ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಒಬ್ಬರು ಸಿಕ್ಕರು. ನಿಧಾನವಾಗಿ ಎಲ್ಲ ಕೇಳಿಕೊಂಡರು. ಚಿಕ್ಕಂದಿನಲ್ಲಿ ನೋಡಿದವರನ್ನು ಕರೆತನ್ನಿ, ಅವರ ಮಾತು ಕೇಳಿ ಆ ದಿನವೇ ತೀರ್ಮಾನ ಹೇಳುತ್ತೇನೆ ಎಂದರು.

ಅಂಥವರು ಒಬ್ಬರೇ ಉಳಿದಿದ್ದರು, ಇವರ ಅಕ್ಕ. ನಾನು ಅತ್ತಿಗೆ ಎನ್ನುತ್ತೇನೆ. ತಾಯಿ ಬೇಗ ತೀರಿಹೋದ ಮೇಲೆ ಇವರನ್ನು ಎತ್ತಿ ಬೆಳೆಸಿದವರು ಅವರೇ. ಅಕ್ಕ ಹಾಕಿದ ಗೆರೆ ಇವರು ದಾಟುವವರಲ್ಲ. ಆ ದಿನ ಅತ್ತಿಗೆ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ ತೆಗೆದು ಉಟ್ಟು ಬಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಚಿಕ್ಕವರಿದ್ದಾಗ ಇವರು ಹೇಗಿದ್ದರು ಎಂದು ಡಾಕ್ಟರು ಕೇಳಿದರು. ಅತ್ತಿಗೆ ಬೆನ್ನು ನೆಟ್ಟಗೆ ಮಾಡಿದರು.

"ನನ್ನ ತಮ್ಮ ಬಂಗಾರ. ಕೂತ ಕಡೆ ಕೂರೋನು, ಹಿಡಿದ ಕೆಲಸ ಬಿಡೋನಲ್ಲ. ಒಬ್ಬರ ಬಾಯಲ್ಲಿ ಒಂದು ಮಾತು ಕೇಳಿದೋನಲ್ಲ."

ಈ ಮಾತು ನಾನು ಮೊದಲೇ ಕೇಳಿದ್ದೆ. ಅಕ್ಷರ ಅಕ್ಷರ ಇದೇ. ನಮ್ಮ ಮದುವೆಯ ಮಾತಿಗೆ ಬಂದಾಗ ನಮ್ಮಪ್ಪನ ಮುಂದೆ ಕೂತು ಹೇಳಿದ್ದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ಓದಿನಲ್ಲಿ ಹೇಗೆ? ಚೆನ್ನಾಗಿ ಓದುತ್ತಿದ್ದ. ವಸ್ತು ಕಳೆಯುವುದು? ಇಲ್ಲವೇ ಇಲ್ಲ. ಇವರು ಅಕ್ಕನ ಪಕ್ಕ ತಲೆ ತಗ್ಗಿಸಿ ಕೂತಿದ್ದರು. ನಾನು ನಡುವೆ ಬಾಯಿ ಹಾಕಿದೆ. ನೀವು ಮದುವೆಯಾದ ಮೇಲೆ ಕಂಡವರು, ಚಿಕ್ಕಂದಿನದು ಅವರೇ ಹೇಳಬೇಕು ಎಂದರು ಡಾಕ್ಟರು. ಚಿಕ್ಕಂದಿನಲ್ಲಿ ಇರಲಿಲ್ಲ ಎಂದಮೇಲೆ ಇದು ಆ ಕಾಯಿಲೆ ಅಲ್ಲ. ಚಿಂತೆ ಕಡಿಮೆ ಮಾಡಿ ಎಂದು ರಕ್ತ ಪರೀಕ್ಷೆಗೆ ಬರೆದರು. ಅಲ್ಲಿಗೆ ಆಯಿತು.

ಮನೆಗೆ ಬಂದು ಇವರು ಗೋಡೆಗೆ ಒರಗಿ ಕೂತರು. ನಿಮ್ಮಕ್ಕ ಸುಳ್ಳು ಹೇಳಿದರು ಎಂದೆ. ತಲೆ ಅಲ್ಲಾಡಿಸಿದರು.

"ಅಕ್ಕ ಸುಳ್ಳು ಹೇಳಲ್ಲ ಕಣೇ. ನಂಗೆ ನೆನಪಿಲ್ಲ, ಅವಳಿಗೆ ನೆನಪಿದೆ. ಚಿಕ್ಕೋನಿದ್ದಾಗ ಚೆನ್ನಾಗೇ ಇದ್ದೆ ಅಂದ್ರೆ ಆಮೇಲೆ ಕೆಟ್ಟಿದ್ದು ನಾನೇ. ಸೋಮಾರಿ ಅಂದೋರು ಸರಿಯಾಗೇ ಅಂದಿದ್ದಾರೆ."

ಆ ದಿನ ಊಟ ಅರ್ಧಕ್ಕೂ ಬಿಡಲಿಲ್ಲ. ತಟ್ಟೆಯ ಮುಂದೆ ಕೂರಲೇ ಇಲ್ಲ.

ಆಮೇಲೆ ಹಾಸ್ಟೆಲಿನಲ್ಲಿ ಹುಡುಗಿಯರ ಜೊತೆ ನಗುವುದೂ ನಿಂತಿತಂತೆ. ವಾರ್ಡನ್ ಅಮ್ಮ ದಾರಿಯಲ್ಲಿ ಸಿಕ್ಕಾಗ ಹೇಳಿದರು. ಮಾಲೀಕರು ಹೊಸ ಆಳನ್ನು ಕರೆದು ಮಾತಾಡಿದ್ದಾರೆ ಎಂದೂ ಹೇಳಿದರು. ಕೆಲಸ ಹೋದರೆ ನನ್ನ ಕಾಜಾದಲ್ಲಿ ಹೇಗೋ ಎರಡು ಹೊತ್ತು ಆಗುತ್ತಿತ್ತು. ಆದರೆ ಇವರು ಗೋಡೆ ನೋಡುತ್ತಾ ಕೂರುವುದು ನನ್ನಿಂದ ನೋಡಲಾಗಲಿಲ್ಲ. ಇವರು ಕೂತ ಕಡೆ ಕೂತರೆ ನನಗೆ ಭಯ.

ಅಂಗಿಗಳ ಗಂಟು ಬದಿಗಿಟ್ಟು ಅತ್ತಿಗೆಯ ಮನೆಗೆ ಹೋದೆ. ಅವರು ಕಾಳು ಆರಿಸುತ್ತಿದ್ದರು. ಕೂರು ಎಂದರು, ಕೂರಲಿಲ್ಲ. ನಾನು ಬಂದದ್ದು ಯಾಕೆಂದು ಅವರಿಗೆ ಗೊತ್ತಿತ್ತು.

"ಹೊರಗಿನೋರ ಮುಂದೆ ಮನೆ ಮಗನ ಮಾನ ಕಳೀತಾರೇನೇ? ಅದೂ ಬರ್ಕೊಳ್ಳೋರ ಮುಂದೆ."

"ಅವರು ಹೆಣ್ಣು ಕೊಡೋಕೆ ಬಂದಿರ್ಲಿಲ್ಲ ಅತ್ತಿಗೆ. ಮಾತ್ರೆ ಕೊಡೋಕೆ ಕೂತಿದ್ರು."

ಕಾಳು ಆರಿಸುವ ಕೈ ನಿಂತಿತು. ತಮ್ಮ ಊಟ ಬಿಟ್ಟದ್ದು ಹೇಳಿದೆ. ಅಕ್ಕ ಸುಳ್ಳು ಹೇಳುವವಳಲ್ಲ, ಹಾಗಾಗಿ ನಾನೇ ಕೆಟ್ಟವನು ಎಂದು ಕೂತದ್ದು ಹೇಳಿದೆ. ಅವರು ಮೊರ ಕೆಳಗಿಟ್ಟರು.

"ನಿಜ ಹೇಳಿದ್ರೆ ನಿಮ್ಮಪ್ಪ ನಿನ್ನ ಕೊಡ್ತಿದ್ರಾ?"

"ಇಲ್ಲ."

"ಮತ್ತೆ?"

ಕೊಡದೇ ಇದ್ದಿದ್ದರೆ ಒಳ್ಳೆಯದಿತ್ತಾ ಎಂದು ಅವರು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅವರು ಮೊರವನ್ನು ನನ್ನ ಕಡೆ ತಳ್ಳಿದರು. ಉಳಿದ ಕಾಳು ಇಬ್ಬರೂ ಸೇರಿ ಆರಿಸಿದೆವು.

ಮತ್ತೆ ದೊಡ್ಡಾಸ್ಪತ್ರೆ. ಮತ್ತೆ ಚೀಟಿ. ಆ ಲೇಡಿ ಡಾಕ್ಟರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಅವರ ಕುರ್ಚಿಯಲ್ಲಿ ವಯಸ್ಸಾದ ಡಾಕ್ಟರು ಕೂತಿದ್ದರು. ಹಳೆಯ ಕಾಗದ ನೋಡಿ, ಇಲ್ಲ ಎಂದು ಆಗಲೇ ಬರೆದಿದ್ದಾರಲ್ಲ, ಮತ್ತೆ ಯಾಕೆ ಬಂದಿರಿ ಎಂದರು. ಈ ಸಲ ಅತ್ತಿಗೆ ಮನೆಯಲ್ಲಿ ಉಡುವ ಸೀರೆಯಲ್ಲೇ ಬಂದಿದ್ದರು. ಅದು ನೋಡಿಯೇ ನನಗೆ ಸಮಾಧಾನವಾಗಿತ್ತು.

ಹೋದ ಸಲ ನಾನು ಹೇಳಿದ್ದು ಸುಳ್ಳು ಸಾರ್ ಎಂದು ಅತ್ತಿಗೆ ಶುರು ಮಾಡಿದರು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಅಪ್ಪನನ್ನು ಊಟಕ್ಕೆ ಕರೆದು ಬಾ ಎಂದು ಕಳಿಸಿದರೆ, ಅಪ್ಪ ತಾನೇ ಬಂದು ಉಂಡು ಮಲಗಿ ಎದ್ದರೂ ಇವನು ಬರುತ್ತಿರಲಿಲ್ಲ. ಬಾವಿಗೆ ಕೊಡ ಇಳಿಸಿ, ಹಾರುವ ಹಕ್ಕಿ ನೋಡುತ್ತಾ ಹಗ್ಗ ಬಿಟ್ಟುಬಿಡುತ್ತಿದ್ದ. ಒಂದೊಂದು ಕಾಲಿಗೆ ಒಂದೊಂದು ಚಪ್ಪಲಿ. ಪರೀಕ್ಷೆಯ ದಿನ ಹೊರಗೆ ಯಾರೋ ಪಂಪು ರಿಪೇರಿ ಮಾಡುತ್ತಿದ್ದಾರೆ ಎಂದು ಅರ್ಧ ಬರೆದ ಹಾಳೆ ಬಿಟ್ಟು ಎದ್ದು ಹೋದ. ಪಂಪು ಸರಿಹೋಯಿತು, ಇವನು ಫೇಲಾದ. ಡಾಕ್ಟರು ನಕ್ಕರು. ಇವರು ತಲೆ ಎತ್ತಿ ಅಕ್ಕನನ್ನೇ ನೋಡುತ್ತಿದ್ದರು.

ಶಾಲೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಡಾಕ್ಟರು ಕೇಳಿದರು.

"ಪರೀಕ್ಷೆಗೆ ನಾನು ಕೂರೋಕಾಗಲ್ವಲ್ಲ, ಅವತ್ತೊಂದಿನ ಸಿಕ್ಕಿಬಿದ್ದ. ಬಾಕಿ ಇವನು ಬಿಟ್ಟಿದ್ದನ್ನೆಲ್ಲ ನಾನೇ ಮುಗಿಸ್ತಿದ್ದೆ. ಬರೆಯೋದೂ ನಾನೇ, ಹುಡುಕಿ ತರೋದೂ ನಾನೇ. ಯಾರಿಗೆ ಗೊತ್ತಾಗತ್ತೆ?"

"ನೀವು ಮದುವೆಯಾಗಿ ಹೋದ್ಮೇಲೆ?"

ಅತ್ತಿಗೆ ನನ್ನ ಕಡೆ ಕೈ ತೋರಿಸಿದರು. "ಆಮೇಲೆ ಇವಳು."

ಡಾಕ್ಟರು ನನ್ನನ್ನು ನೋಡಿದರು. ಇನ್ನೂ ಏನೇನೋ ಕೇಳಿದರು. ಆಮೇಲೆ ಪೆನ್ನು ತೆಗೆದು ಅದೇ ನಾಲ್ಕು ಅಕ್ಷರ ಹೇಳಿದರು.

"ಹಾಗಾದ್ರೆ ಸೋಮಾರಿತನ ಅಲ್ವಾ ಸಾರ್?" ಎಂದರು ಇವರು.

"ಅಲ್ಲ."

"ಇನ್ನೊಂದ್ಸಲ ಹೇಳಿ. ಇವರಿಬ್ಬರಿಗೂ ಕೇಳಿಸ್ಲಿ."

ಡಾಕ್ಟರು ಹೊರಗಿನ ಸಾಲಿನ ಕಡೆ ನೋಡಿದರು. ಆದರೂ ಇನ್ನೊಂದು ಸಲ ಹೇಳಿದರು.

ಮಾತ್ರೆ ಶುರು ಮಾಡುವ ಮೊದಲು ಹೃದಯ ನೋಡಬೇಕಂತೆ. ಎದೆಗೆ ವೈರು ಅಂಟಿಸಿ ನೋಡಿದರು. ಹೃದಯ ಸರಿಯಿರಲಿಲ್ಲ. ಹಿಂದೆ ಯಾವಾಗಲೋ ಪೆಟ್ಟು ತಿಂದಿದೆ, ನೋವು ಬಂದದ್ದು ಗೊತ್ತಾಗಲಿಲ್ಲವೇ ಎಂದರು. ಬಂದಿರಬಹುದು, ಬೇರೆ ಏನೋ ಕೆಲಸದಲ್ಲಿದ್ದೆ ಎಂದರು ಇವರು. ಇಂಥ ಹೃದಯಕ್ಕೆ ಆ ಮಾತ್ರೆ ಕೊಡುವ ಹಾಗಿಲ್ಲ, ಮೊದಲು ಹೃದಯದ ವಿಭಾಗಕ್ಕೆ ತೋರಿಸಿ ಎಂದು ಬರೆದರು. ಹೃದಯದ ವಿಭಾಗ ಮುಂದಿನ ಕಟ್ಟಡದಲ್ಲಿ. ಅಲ್ಲಿ ಸಾಲು ಇನ್ನೂ ಉದ್ದ. ದೂರದ ತಾರೀಖು ಕೊಟ್ಟು ಕಳಿಸಿದರು.

ಹೆಸರು ಸಿಕ್ಕಿತು, ಮಾತ್ರೆ ಸಿಗಲಿಲ್ಲ. ನನಗೆ ಸಾಕಾಗಿಹೋಗಿತ್ತು. ಇವರಿಗೆ ಹೆಸರೇ ಸಾಕಾಗಿತ್ತು. ಹೊಸ ಗಡಿಯಾರ ಕಟ್ಟಿದವರ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದರು. ಅದೇನು ಮೇಸ್ತ್ರಿ, ಡಿಗ್ರಿನಾ ಎಂದು ಕಿರಾಣಿ ಅಂಗಡಿಯವರು ಕೇಳಿದರಂತೆ. ಹೌದು, ಪಾಸಾಗೋಕೆ ಐವತ್ತು ವರ್ಷ ಹಿಡೀತು ಎಂದರಂತೆ ಇವರು.

ವಾರ್ಡನ್ ಅಮ್ಮ ಮಾತು ಉಳಿಸಿಕೊಂಡರು. ಮಾಲೀಕರು ಗೊಣಗಿ ಒಪ್ಪಿದರು. ಒಂದು ಹೊತ್ತಿಗೆ ಒಂದೇ ಕೆಲಸ, ನಡುವೆ ಮೇಸ್ತ್ರಿಯನ್ನು ಯಾರೂ ಕೂಗಬಾರದು ಎಂದಾಯಿತು. ಇನ್ನೊಂದು ಉಪಾಯ ಇವರದೇ. ದೊಡ್ಡ ವಾಲ್ವಿನ ಮೇಲೆ ತಿರುಗಿಸಲು ಕಬ್ಬಿಣದ ಚಕ್ರ ಇರುತ್ತದೆ, ಅಂಗೈ ಅಗಲದ್ದು. ನೀರು ನಿಲ್ಲಿಸಿದ ಕೂಡಲೇ ಆ ಚಕ್ರ ಬಿಚ್ಚಿ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು. ಬಿಚ್ಚಿದ ನಲ್ಲಿಯನ್ನು ತಿರುಗಿ ಕೂರಿಸುವವರೆಗೆ ಅದು ಕೊರಳಲ್ಲೇ ಇರಬೇಕು. ಅಲ್ಲಿಯವರೆಗೆ ಇಕ್ಕಳ ಹಾಕಿಯೂ ಯಾರೂ ಆ ವಾಲ್ವು ತಿರುಗಿಸಬಾರದು. ಅದು ವಾರ್ಡನ್ ಅಮ್ಮನ ಕಟ್ಟಪ್ಪಣೆ. ದಾರ ನಾನು ಕೊಟ್ಟೆ, ಕಾಜಾ ದಾರವನ್ನೇ ಗಟ್ಟಿಯಾಗಿ ಹೊಸೆದು.

ಹುಡುಗಿಯರು ಚಕ್ರಧಾರಿ ಎಂದು ಹೆಸರು ಬದಲಿಸಿದರು. ಊಟಕ್ಕೆ ಬಂದರೆ ನಾನು ಮೊದಲು ಕೊರಳು ನೋಡುತ್ತಿದ್ದೆ. ಚಕ್ರ ಇದ್ದರೆ ತಟ್ಟೆ ಇಡುತ್ತಿರಲಿಲ್ಲ. ಬೆರಳು ತೋರಿಸಿದರೆ ಸಾಕು, ಥತ್ ಎಂದು ತಿರುಗಿ ಹೋಗಿ ಮುಗಿಸಿ ಬರುತ್ತಿದ್ದರು. ಹಾಸ್ಟೆಲಿನಲ್ಲಿ ಮತ್ತೆ ಯಾವತ್ತೂ ನೀರು ತುಂಬಿ ಹರಿಯಲಿಲ್ಲ. ನಮ್ಮ ಗೂಡಿನ ಬಾಗಿಲು ಮಾತ್ರ ಹಾಗೇ ಇತ್ತು. ಅದಕ್ಕೆ ಕೊರಳಿಗೆ ಹಾಕಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಹೃದಯದ ವಿಭಾಗದವರು ಕೊಟ್ಟ ತಾರೀಖು ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಎರಡನೇ ಮಹಡಿಯ ಬಚ್ಚಲ ಹೊರಗೆ ಗೋಡೆಗೆ ಒರಗಿ ಕೂತಿದ್ದರಂತೆ. ಹುಡುಗಿಯೊಬ್ಬಳು ಮಾತಾಡಿಸಿದಳಂತೆ. ಏಳಲಿಲ್ಲ. ಆ ದಿನ ದೊಡ್ಡಾಸ್ಪತ್ರೆಯಲ್ಲಿ ಸಾಲು ಇರಲಿಲ್ಲ. ನೇರವಾಗಿ ಒಳಗೆ ಬಿಟ್ಟರು. ನೇರವಾಗಿ ಹೊರಗೆ ಕೊಟ್ಟರು.

ಮನೆಗೆ ತಂದು ಮಲಗಿಸಿದರು. ಅತ್ತಿಗೆ ತಲೆಯ ಹತ್ತಿರ ಕೂತರು, ನಾನು ಕಾಲ ಹತ್ತಿರ. ಮಧ್ಯಾಹ್ನ ವಾರ್ಡನ್ ಅಮ್ಮ ಬಂದರು. ಕೈ ಮುಗಿದು ನಿಂತರು. ಹೋಗಲೂ ಇಲ್ಲ, ಕೂರಲೂ ಇಲ್ಲ. ಅವರ ಕಣ್ಣು ಇವರ ಎದೆಯ ಮೇಲೆ ಹೋಗಿ ಹೋಗಿ ಬರುತ್ತಿತ್ತು. ಆಗ ನಾನೂ ನೋಡಿದೆ. ಹೊದಿಸಿದ ಬಟ್ಟೆಯ ಕೆಳಗೆ ದುಂಡಗೆ ಉಬ್ಬಿತ್ತು. ಆಸ್ಪತ್ರೆಯವರು ಬದಿಗೆ ಸರಿಸಿ, ಮತ್ತೆ ಎದೆಯ ಮೇಲೇ ಇಟ್ಟು ಕಳಿಸಿದ್ದರು. ದೇವರ ವಸ್ತು ಎಂದುಕೊಂಡರೇನೋ.

ಬೆಳಿಗ್ಗೆಯಿಂದ ನೀರಿಲ್ಲ, ಯಾರೂ ಮುಟ್ಟಿಲ್ಲ ಎಂದರು ವಾರ್ಡನ್ ಅಮ್ಮ, ತಪ್ಪು ಮಾಡಿದವರ ದನಿಯಲ್ಲಿ.

ಅತ್ತಿಗೆ ಇವರ ತಲೆ ಎತ್ತಿ ಹಿಡಿದರು. ನಾನು ದಾರ ಬಿಡಿಸಿ ಚಕ್ರ ತೆಗೆದೆ. ತಣ್ಣಗಿತ್ತು, ಭಾರವಾಗಿತ್ತು.

"ಎರಡನೇ ಮಹಡೀಲಿ ಎಲ್ಲೋ ನಲ್ಲಿ ಬಿಚ್ಚಿದೆ. ಮೊದ್ಲು ಅದನ್ನ ಹಾಕ್ಸಿ, ಆಮೇಲೆ ಇದನ್ನ ಕೂರಿಸಿ ನೀರು ಬಿಡಿ," ಎಂದೆ.

ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಅತ್ತಿಗೆ ತಮ್ಮನ ತಲೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಕೊನೇದನ್ನೂ ಅರ್ಧಕ್ಕೇ ಬಿಟ್ಟ," ಎಂದರು.

"ವಾಲ್ವು ಮುಚ್ಚಿಟ್ಟೇ ಹೋಗಿದ್ದಾರೆ ಅತ್ತಿಗೆ," ಎಂದೆ.